ಕುವೈತ್ ಜೈಲಿನಲ್ಲಿ ಹೋದ ನನ್ನ ಹಲ್ಲುಸೆಟ್ಟು

ಬೆಳಿಗ್ಗೆ ಎದ್ದು ನೋಡಿದರೆ ಲೋಟ ಖಾಲಿ. ನನ್ನ ಹಲ್ಲುಸೆಟ್ಟು ಮಾಯ!

ಎಂಬತ್ತರ ದಶಕದ ಕುವೈತ್ ಜೈಲು. ಲೈಸೆನ್ಸ್ ಇಲ್ಲದೆ ಸುಲೈಬಿಯಾದ ತರಕಾರಿ ಗೋದಾಮಿನ ವ್ಯಾನ್ ಓಡಿಸಿ, ಸಲ್ವಾದಲ್ಲಿ ಯಾರೋ ದೊಡ್ಡವರ ಕಾಂಪೌಂಡಿಗೆ ಗುದ್ದಿ ಒಳಗೆ ಹೋಗಿದ್ದೆ. ಅದಕ್ಕೆ ಶಿಕ್ಷೆ, ಸರಿ.

ಆದರೆ ಹಲ್ಲು ಏನು ತಪ್ಪು ಮಾಡಿತ್ತು?

ಊರಿನಲ್ಲೇ ಬೈಕಿನಿಂದ ಬಿದ್ದು ನನ್ನ ಮೇಲಿನ ಸಾಲು ಪೂರ್ತಿ ಹೋಗಿತ್ತು. ಮಲಗುವಾಗ ಸೆಟ್ಟನ್ನು ನೀರಿನ ಲೋಟದಲ್ಲಿ ಇಡುತ್ತಿದ್ದೆ. ಚೆಕಿಂಗಿಗೆ ಬಂದ ಗಾರ್ಡ್ ಅಬು ಫಹದ್, ಒಳಗೆ ಏನಿದೆ ಎಂದು ನೋಡದೆ ಅದನ್ನು ಮೋರಿಗೆ ಸುರಿದುಬಿಟ್ಟಿದ್ದ.

ಮೇಲಿನವರಿಗೆ ಹೇಳಿದೆ. "ಖಲಾಸ್, ಹೋಗು" ಎಂದರು.

ಜೈಲಿನ ರೊಟ್ಟಿ ಚಪ್ಪಲಿಯ ಹಾಗೆ. ನೀರಿನಲ್ಲಿ ನೆನೆಸಿ ನುಂಗಿ ನುಂಗಿ ಸಾಕಾಯಿತು. ಪ್ಯಾಂಟ್ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಹಸಿವಿಗಿಂತ ಸಿಟ್ಟೇ ಜಾಸ್ತಿ... ಗಾರ್ಡ್ ಮೇಲೆ ಕೇಸ್ ಹಾಕಿದೆ!

ಪಕ್ಕದ ಮಂಚದ ಪುತ್ತೂರಿನ ಹಮೀದ್ ತಲೆ ಚಚ್ಚಿಕೊಂಡ. "ಹಲ್ಲಿಗೆ ಕೇಸಾ ಮಾರಾಯಾ? ಮರ್ಲುಂಟಾ ನಿಂಗೆ, ಹುಚ್ಚಾ? ವಕೀಲ ಯಾರು?"

"ನಾನೇ."

ಗೋದಾಮಿನಲ್ಲಿ ಕಲಿತ ಅರಬಿ, ಅದೂ ಹಲ್ಲಿಲ್ಲದ ಬಾಯಲ್ಲಿ. ಕೋರ್ಟಿನಲ್ಲಿ ನಿಂತು ಅದರಲ್ಲೇ ಲೋಟದ ಕಥೆ ಪೂರ್ತಿ ಹೇಳಿದೆ.

ಅಬು ಫಹದ್ ಸುಳ್ಳು ಹೇಳಲಿಲ್ಲ. ಸುರಿದದ್ದು ಹೌದು ಎಂದ. "ಆದರೆ ಇವನು ದಿನಾ ಊಟ ಮಾಡುತ್ತಾನೆ, ನಷ್ಟ ಏನೂ ಆಗಿಲ್ಲ" ಎಂದೂ ಸೇರಿಸಿದ.

ಜಡ್ಜ್ ನನ್ನ ಕಡೆ ನೋಡಿದರು. ನನಗೆ ಒಂದು ಉಪಾಯ ಹೊಳೆಯಿತು. ಮಧ್ಯಾಹ್ನಕ್ಕೆಂದು ಕೊಟ್ಟಿದ್ದ ರೊಟ್ಟಿ ಜೇಬಿನಲ್ಲೇ ಇತ್ತು. ಅದನ್ನು ಎತ್ತಿ ಹಿಡಿದು, "ಸಾಹೇಬರೇ, ಇವರು ಮೇಲಿನ ಹಲ್ಲು ತಾಗಿಸದೆ ಇದನ್ನು ತಿಂದು ತೋರಿಸಲಿ" ಎಂದೆ.

ಜಡ್ಜ್ ಮೀಸೆಯಡಿ ನಗುತ್ತಾ ತಲೆಯಾಡಿಸಿದರು.

ಪಾಪ, ಮನುಷ್ಯ ಪ್ರಾಮಾಣಿಕವಾಗಿ ಪ್ರಯತ್ನಿಸಿದ. ತುಟಿಯನ್ನು ಒಳಗೆ ಮಡಚಿ ಎಳೆದ, ಜಗ್ಗಿದ, ಚೀಪಿದ. ಕೋರ್ಟಿಡೀ ನಗು, ಅವನೂ ನಕ್ಕ. ಆಮೇಲೆ ಅವನು ನಗುವುದನ್ನು ನಿಲ್ಲಿಸಿ ಕೈಯಲ್ಲಿದ್ದ ರೊಟ್ಟಿಯನ್ನೇ ನೋಡುತ್ತಾ ನಿಂತ.

"ಇದನ್ನಾ ನೀನು ಇಷ್ಟು ದಿನ..." ಎಂದ.

ಜೈಲಿನ ಖರ್ಚಿನಲ್ಲಿ ಹೊಸ ಸೆಟ್ಟು ಮಾಡಿಸಿಕೊಡಿ ಎಂದು ಆರ್ಡರ್ ಆಯಿತು. ನಾನು ಗೆದ್ದಿದ್ದೆ!

ಸೆಟ್ಟು ಬಂದ ದಿನ ಅದನ್ನು ತಂದುಕೊಟ್ಟವನು ಅಬು ಫಹದ್. ಜೊತೆಗೆ ಬಟ್ಟೆಯಲ್ಲಿ ಸುತ್ತಿದ ಒಂದು ರೊಟ್ಟಿ, ಅವನ ಮನೆಯದು, ಇನ್ನೂ ಬಿಸಿ ಇತ್ತು.

"ಯಲ್ಲಾ, ಹೂಂ, ಕಚ್ಚು" ಎಂದ. ಕಚ್ಚಿದೆ. ಕಣ್ಣು ತುಂಬಿ ಬಂತು, ಹೇಳಲು ನಾಚಿಕೆಯೇನಿಲ್ಲ.

ನಿಜ ಹೇಳಿ... ನಿಮ್ಮನ್ನು ಕೋರ್ಟಿಗೆ ಎಳೆದವನಿಗೆ ನೀವು ಮನೆಯಿಂದ ಬಿಸಿ ರೊಟ್ಟಿ ತರುತ್ತಿದ್ದಿರಾ?