ಬಾನೆಟ್ಟಿನ ಮೇಲಿನ ಬಿಸಿ ಗ್ರಹಗಳು

ಬಸ್ಸಿನ ಬಾನೆಟ್ಟಿನ ಮೇಲೆಯೇ ಕೂರಬೇಕೆಂದು ಸಂಕಲ್ಪ ಮಾಡಿ ಮನೆಯಿಂದ ಹೊರಟವರನ್ನು ನಾನು ಈವರೆಗೆ ಕಂಡಿಲ್ಲ. ಲೊಕ್ಕನಹಳ್ಳಿಯಲ್ಲಿ ಹಿಂದಿನ ಬಾಗಿಲಲ್ಲಿ ಹತ್ತಿ, ಕಂಬ ಹಿಡಿದು ತಟಸ್ಥನಾಗಿ ನಿಂತ ನನ್ನಂಥ ಸಜ್ಜನನೂ ಊರೂರಿಗೆ ಏರುವ ಜನ, ಮೂಟೆ, ಕೋಳಿಗಳ ಒತ್ತಡಕ್ಕೆ ಅಂಗುಲ ಅಂಗುಲವಾಗಿ ಸರಿದು, ಕೊಳ್ಳೇಗಾಲ ಹತ್ತಿರವಾಗುವಷ್ಟರಲ್ಲಿ ಡ್ರೈವರ್ ಪಕ್ಕದ ಆ ಕಾದ ಪೀಠದ ಮೇಲೆ ಪ್ರತಿಷ್ಠಾಪಿತನಾಗಿರುತ್ತಾನೆ. ಹೇಗೆ ಬಂದೆಯೆಂದು ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ.

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ಹೊಟ್ಟೆ ಹೊರೆಯುವವನು ನಾನು. ಹೊರೆದ ಹೊಟ್ಟೆಯ ಸುತ್ತಳತೆ ಕಂಡು ಮಕ್ಕಳು ನನಗೆ ಗುರುಗ್ರಹವೆಂದು ಹೆಸರಿಟ್ಟಿದ್ದಾರೆ. ಅದು ನನಗೆ ತಿಳಿಯದೆಂದು ಅವರ ನಂಬಿಕೆ. ಬಾನೆಟ್ಟಿನ ಬಿಸಿಗೆ ಕಣ್ಣು ಎಳೆದೊಡನೆ ನನಗೆ ಸ್ವಜಾತಿಯ ಗ್ರಹಗಳೇ ಕನಸಾಗಿ ತೇಲಿಬರುತ್ತವೆ. ಎಲ್ಲೋ ದೂರದ ನಕ್ಷತ್ರಗಳ ಮಗ್ಗುಲಲ್ಲಿ ಗುರುವಿನಷ್ಟೇ ದಪ್ಪದ ಅನಿಲಗೋಳಗಳಿವೆ. ಮೂರು ನಾಲ್ಕು ದಿನಕ್ಕೇ ಒಂದು ಸುತ್ತು ಮುಗಿಸುವಷ್ಟು ಸನಿಹ. ಅಂಥ ದೇಹ ಅಷ್ಟು ಬೆಂಕಿಯ ಬಳಿ ಬೆಳೆಯುವುದು ಕಷ್ಟ, ದೂರದ ಚಳಿಯಲ್ಲಿ ಹುಟ್ಟಿ ಬಂದಿರಬೇಕೆಂದು ಬಲ್ಲವರಲ್ಲಿ ಬಹುಮಂದಿ ಹೇಳುತ್ತಾರೆ. ಎಳೆಯ ನಕ್ಷತ್ರದ ಸುತ್ತ ಹರಡಿದ್ದ ಅನಿಲ, ಧೂಳು ಅದನ್ನು ಮೆಲ್ಲಗೆ ಒಳಕ್ಕೆ ಸರಿಸಿದವೆಂದು ಕೆಲವರ ವಾದ. ಇಲ್ಲ, ಒಡಹುಟ್ಟಿದ ಇನ್ನೊಂದು ಗ್ರಹವೇ ಜಾಡಿಸಿತು, ಅಡ್ಡದಾರಿ ಹಿಡಿದು ಅಲೆಯುತ್ತಿದ್ದುದನ್ನು ಹತ್ತಿರ ಹಾಯ್ದಾಗಲೆಲ್ಲ ನಕ್ಷತ್ರ ಎಳೆದೆಳೆದು ಪಕ್ಕದಲ್ಲೇ ದುಂಡಗೆ ತಿರುಗಿಸಿಕೊಂಡಿತೆಂದು ಉಳಿದವರ ವಾದ. ಎರಡೂ ನಿಜವಿರಬಹುದು ಎಂದು ಎರಡೂ ಕಡೆ ಅಂಕ ಕೊಡುವ ಮೇಷ್ಟರಂತೆ ನಾನು ತೂಕಡಿಸುತ್ತೇನೆ.

ಕಳೆದ ಶನಿವಾರ ಬೆಳಗಿನ ಶಾಲೆ ಮುಗಿಸಿ ಹೀಗೇ ಬಾನೆಟ್ ತಲುಪಿದಾಗ ಅಲ್ಲಿ ದೊಡ್ಡತಾಯಮ್ಮ ಕೂತಿದ್ದಳು. ಗಂಡ ಮಕ್ಕಳಿಲ್ಲದ ಮುದುಕಿ. ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದಕ್ಕೆ ಪೊರೆ. "ಜೊತೇಲಿ ಮನೆಯವ್ರು ಬೇಕಂತೆ ಸಾ, ಆಪ್ರೇಸನ್‌ಗೆ. ಎಲ್ಡ್ ಸಲ ವಾಪಸ್ ಕಳ್ಸವ್ರೆ. ಈಗ್ಲೂ ಸೇರ್ಸ್ಕಳ್ನಿಲ್ಲ ಅಂದ್ರೆ ಇದೂ ಓಯ್ತದೆ," ಎಂದಳು.

ಮನೆಯವರು ಇಲ್ಲವೆಂದಲ್ಲ. ನಮ್ಮ ಶಾಲೆಯ ಬಿಸಿಯೂಟ ಬೇಯಿಸುವ ಮಾದೇವಮ್ಮ ಈಕೆಯ ಒಡಹುಟ್ಟಿದ ತಂಗಿ. ತಾಯಿ ಸಾಯುವಾಗ ಬಾಯಿಗೆ ಕಡೆಯ ನೀರು ಬಿಟ್ಟವರು ಯಾರೆಂಬ ಜಗಳದಲ್ಲಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಮಗಳ ಮನೆಗೆ ಹೊರಟಿದ್ದ ಆಕೆಯೂ ಅದೇ ಬಸ್ಸಿನಲ್ಲಿದ್ದಳು, ಹಿಂದಿನ ಬಾಗಿಲ ಬಳಿ, ಅಕ್ಕನಿಗೆ ಬೆನ್ನು ಹಾಕಿ. ಅಕ್ಕನನ್ನು ಆಸ್ಪತ್ರೆಯಿಂದ ವಾಪಸ್ ಕಳಿಸಿದ್ದು ಊರಿಗೆಲ್ಲ ಗೊತ್ತಿತ್ತು, ಅವಳಿಗೂ.

ಹೆಂಗಸರಿಗೆ ಪ್ರಯಾಣ ಪುಕ್ಕಟೆಯಾದ ಮೇಲೆ ನಮ್ಮ ಬಸ್ಸಿನಲ್ಲಿ ಉಸಿರಿಗೂ ಜಾಗವಿಲ್ಲ. ಪ್ರತಿ ನಿಲ್ದಾಣದಲ್ಲೂ ಜನ ಹತ್ತಿದರು, ಪ್ರತಿ ನಿಲ್ದಾಣದಲ್ಲೂ ಮಾದೇವಮ್ಮ ಒಂದು ಸೀಟಿನಷ್ಟು ಮುಂದೆ ಬಂದಳು. ನನ್ನ ತೂಕಡಿಕೆ ಹಾರಿಹೋಯಿತು. ಮಧುವನಹಳ್ಳಿಯಲ್ಲಿ ಮೂರು ಮೂಟೆ ಜೋಳ ಏರಿದ್ದೇ ತಡ, ಅವಳು ಬಂದು ಅಕ್ಕನ ಪಕ್ಕಕ್ಕೇ ಕುಕ್ಕರಿಸಿದಳು. ನಾನು ನೋಡುತ್ತಿದ್ದುದನ್ನು ಕಂಡು, "ನಾನೇನ್ ಬರ್ನಿಲ್ಲ ಕಣ್ ಸಾ, ಜನ ನೂಕುದ್ರು," ಎಂದು ಸಿಡುಕಿದಳು. ದೊಡ್ಡತಾಯಮ್ಮ ದನಿ ಗುರುತಿಸಿ ಮುಖ ಆಚೆ ತಿರುಗಿಸಿದಳು.

ಕೊಳ್ಳೇಗಾಲದ ಮಾರುಕಟ್ಟೆ ಬಂತು. ಓದುಗ ಮಿತ್ರರೇ, ಅಷ್ಟೂ ಜನ, ಅಷ್ಟೂ ಮೂಟೆ ಅಲ್ಲೇ ಇಳಿದು ಬಸ್ಸು ಬರಿದಾಯಿತು. ನಾನು ಥಟ್ಟನೆದ್ದು ಕಿಟಕಿ ಪಕ್ಕದ ಸೀಟು ಹಿಡಿದೆ. ಈಗ ಯಾರೂ ನೂಕುವವರಿಲ್ಲ, ಎಲ್ಲ ಸೀಟೂ ಖಾಲಿ. ಮಾದೇವಮ್ಮ ಮಾತ್ರ ಆ ಬಿಸಿಯ ಮೇಲಿಂದ ಏಳಲಿಲ್ಲ. ಅವಳ ಮಗಳ ಮನೆಯ ನಿಲ್ದಾಣ ಬಂದಾಗ ಡ್ರೈವರ್ ನಿಧಾನಿಸಿ ಅವಳತ್ತ ನೋಡಿದ.

"ಮುಂದ್ಕೋಗಪ್ಪ," ಎಂದಳು. "ಆಸ್ಪತ್ರೆ ತಾವ ಇಬ್ರೂ ಇಳೀತೀವಿ."

ದೊಡ್ಡತಾಯಮ್ಮ ತಿರುಗಿ ನೋಡಲಿಲ್ಲ. ಮಡಿಲು ತಡಕಿ ಆಸ್ಪತ್ರೆಯ ಚೀಟಿ ತೆಗೆದು, ತಂಗಿಯ ಕೈ ಎಲ್ಲಿದೆಯೆಂದು ಮುಟ್ಟಿ ಹುಡುಕಿ, ಅದರೊಳಗೆ ಇಟ್ಟಳು.