ಓಣಿಯ ತಗಡು, ಅಡುಗೆಮನೆಯ ಗಂಟೆ

ನಮ್ಮ ಅಡುಗೆಮನೆಯಲ್ಲಿ, ಉಪ್ಪಿನ ಜಾಡಿ ಇಡುವ ಗೂಡಿನ ಮೇಲ್ಗಡೆ, ಒಂದು ಕರೆಗಂಟೆ ಇದೆ. ಕರೆಗಂಟೆಯೆಂದರೆ ಪೇಟೆಯ ಮನೆಗಳಲ್ಲಿ ಬಂದವರು ಬಾಗಿಲ ಪಕ್ಕದ ಗುಂಡಿ ಒತ್ತಿದಾಗ ಕೂಗುವಂಥದ್ದು, ಅದು ನಿಮಗೂ ಗೊತ್ತು. ನಮ್ಮದರ ಗುಂಡಿ ಮಾತ್ರ ಬಾಗಿಲಲ್ಲಿಲ್ಲ, ಮನೆಯಿಂದ ಕೂಗಿದರೆ ಕೇಳಿಸದಷ್ಟು ದೂರದಲ್ಲಿ, ಟಾರು ರಸ್ತೆಯಿಂದ ನಮ್ಮ ಓಣಿ ಒಳಕ್ಕೆ ಹೊರಳುವ ಜಾಗದಲ್ಲಿ, ಮಣ್ಣಿನ ಕೆಳಗೆ ಮಲಗಿದೆ. ಅದನ್ನು ಬೆರಳು ಒತ್ತುವುದಿಲ್ಲ, ಗಾಡಿಯ ಚಕ್ರ ಒತ್ತುತ್ತದೆ. ಒತ್ತಿದವರಿಗೆ ತಾವು ಒತ್ತಿದ್ದು ತಿಳಿಯದು, ಕೇಳಿಸಿಕೊಂಡ ನನಗೆ ಒತ್ತಿದವರು ಯಾರೆಂದು ತಿಳಿಯದು. ಇಂಥದ್ದೊಂದನ್ನು ತಲೆಯ ಮೇಲಿಟ್ಟುಕೊಂಡು ಅಡುಗೆ ಮಾಡುವುದು ಎಷ್ಟು ಗೊಂದಲದ ಬಾಳು ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳಬೇಕೆಂದೇ ಕೂತಿದ್ದೇನೆ.

ಪಾಂಡವಪುರದ ಬಸ್‌ಸ್ಟ್ಯಾಂಡಿನ ಸುತ್ತ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಒಂದೊಂದಾಗಿ ತಲೆಯೆತ್ತುತ್ತಿದ್ದ ಕಾಲ ಅದು. ಊರಾಚೆಯ ನಮ್ಮ ತೋಟದ ಮನೆಗೆ ಫೋನಿರಲಿಲ್ಲ. ಓಣಿಯ ಎರಡೂ ಬದಿಗೆ ಕಬ್ಬು ಆಳೆತ್ತರ ನಿಂತರೆ ಅಂಗಳಕ್ಕೆ ಬಂದು ನಿಲ್ಲುವ ತನಕ ಬರುವವರು ಯಾರೆಂದು ಕಾಣುತ್ತಿರಲಿಲ್ಲ. ನಮ್ಮತ್ತೆಯವರದೋ ಒಂದು ಕಟ್ಟಳೆ: ನೆಂಟರು ಕೈಕಾಲು ತೊಳೆಯುವ ಹೊತ್ತಿಗೆ ಅವರ ಪಾಲಿನ ಮುದ್ದೆ ತಟ್ಟೆಯಲ್ಲಿರಬೇಕು, ಬಂದವರೆದುರು ಮತ್ತೆ ಎಸರಿಟ್ಟರೆ ಮನೆಗೆ ಮರ್ಯಾದೆಯಲ್ಲ. ಮೊದಲೆಲ್ಲ ಕರಿಯನೆಂಬ ನಾಯಿ ಓಣಿಯ ಬಾಯಲ್ಲೇ ಬೊಗಳಿ ಸುದ್ದಿ ಕೊಡುತ್ತಿತ್ತು. ಅದು ಸತ್ತ ಮೇಲೆ, ಸಕ್ಕರೆ ಕಾರ್ಖಾನೆಯ ವಿದ್ಯುತ್ ವಿಭಾಗದಲ್ಲಿ ಕೆಲಸಕ್ಕಿದ್ದ ನಮ್ಮ ಯಜಮಾನರು ಇನ್ನೊಂದು ನಾಯಿ ಸಾಕುವ ಬದಲು ಗಂಟೆ ಕಟ್ಟಿದರು.

ಕಟ್ಟಿದ ಬಗೆ ಸರಳ. ಎಣ್ಣೆ ಡಬ್ಬ ಕತ್ತರಿಸಿ ಬಿಡಿಸಿದ ಎರಡು ತಗಡು, ಅವು ಒಂದಕ್ಕೊಂದು ಅಂಟದಂತೆ ನಡುವೆ ಸೈಕಲ್ ಟ್ಯೂಬಿನ ಚೂರುಗಳು, ಮಳೆನೀರು ಇಳಿಯದಂತೆ ಮೇಲೆ ಗೊಬ್ಬರದ ಚೀಲದ ಹೊದಿಕೆ. ಭಾರ ಬಿದ್ದರೆ ತಗಡುಗಳು ಕೂಡುತ್ತವೆ. ಕೂಡಿದರೆ ತೆಂಗಿನ ಮರಗಳ ಮೇಲೆ ಹಾದು ಬಂದ ತಂತಿಯಲ್ಲಿ ಹಳೆಯ ಬ್ಯಾಟರಿಯ ಕರೆಂಟು ಹರಿದು ಗಂಟೆ ಬಡಿಯುತ್ತದೆ. ಮೊದಲ ದಿನ ನಮ್ಮವರು ಸೈಕಲ್ಲಿನಲ್ಲಿ ಅದರ ಮೇಲೆ ಹೋಗಿ ಬಂದು ಮಾಡಿ ಬೆವರಿ ನಿಂತಾಗ ಅತ್ತೆ ಹೇಳಿದ್ದು ಇಷ್ಟೆ: "ನಾಯಿಯಾದ್ರೆ ನೆಂಟ್ರುನ್ನ ಕಂಡು ಬಾಲ ಅಲ್ಲಾಡುಸ್ತಿತ್ತು, ಕಳ್ರುನ್ನ ಕಂಡ್ರೆ ಬೊಗುಳ್ತಿತ್ತು. ಇದು ಎಲ್ರಿಗೂ ಒಂದೇ ತರ ಬಡ್ಕತದಲ್ಲಪ್ಪ."

ಅವರು ಹೇಳಿದ್ದೇ ದಿಟವಾಯಿತು. ಎಮ್ಮೆ ತುಳಿದರೂ ಗಂಟೆ ಬಡಿಯುತ್ತಿತ್ತು, ನಾನು ಎಸರಿಗೆ ನೀರು ಹೊಯ್ಯುತ್ತಿದ್ದೆ. ಟ್ರಾಕ್ಟರು ಬಂದರೂ ಬಡಿಯುತ್ತಿತ್ತು, ಮತ್ತೆ ನೀರು. ಎಮ್ಮೆಗೆಂದು ಕಟ್ಟಿದ ಮುದ್ದೆ ಕೊನೆಗೆ ಎಮ್ಮೆಗೇ ಹೋಗುತ್ತಿತ್ತು. ಬರಬರುತ್ತ ನನ್ನ ಕಿವಿ ಪಳಗಿತು: ಎಮ್ಮೆಯದು ಕಾಲಿಗೊಂದು ಒಡೆದ ಸದ್ದು, ಟ್ರಾಕ್ಟರಿನದು ಎಳೆದಾಡುವ ಸದ್ದು, ಸ್ಕೂಟರಿನದು ಮುಂದಿನ ಚಕ್ರಕ್ಕೊಂದು ಹಿಂದಿನ ಚಕ್ರಕ್ಕೊಂದು, ಬೆನ್ನಿಗೆ ಬೆನ್ನು ತಾಗಿಸಿದ ಎರಡು ಚಿಕ್ಕ ಕಿರುಚಲು. ಆದರೆ ಎಷ್ಟು ಪಳಗಿದರೂ ಬಗೆಹರಿಯದ ಒಂದು ತೊಡಕಿತ್ತು. ಗಾಡಿ ಒಳಕ್ಕೆ ಬಂದರೂ ಅದೇ ಸದ್ದು, ಹೊರಕ್ಕೆ ಹೋದರೂ ಅದೇ ಸದ್ದು. ಭಾರ ಬಲ್ಲ ತಗಡಿಗೆ ದಿಕ್ಕು ಗೊತ್ತಿಲ್ಲ.

ಒಮ್ಮೊಮ್ಮೆ ಎಸರು ಕುದಿಯುವುದನ್ನು ಕಾಯುತ್ತ ನಿಂತಾಗ ನನಗನ್ನಿಸುತ್ತಿತ್ತು, ಇದು ತಗಡಿನ ತಪ್ಪೇನೂ ಅಲ್ಲ. ಹೊರಟು ನಿಂತವರು ಹೋಗುತ್ತೇನೆ ಅನ್ನದೆ "ಬರ್ತೀನಿ" ಎನ್ನುವ ನಾಡು ನಮ್ಮದು. ಮದುವೆಯಾಗಿ ಈ ಓಣಿಯೊಳಕ್ಕೆ ಎತ್ತಿನ ಗಾಡಿಯಲ್ಲಿ ಬಂದಾಗ ನಾನು ತವರಿನಿಂದ ಹೋಗುತ್ತಿದ್ದೆನೋ ಗಂಡನ ಮನೆಗೆ ಬರುತ್ತಿದ್ದೆನೋ, ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದ್ದೆ. ಅಂದು ತಗಡಿದ್ದಿದ್ದರೆ ಅದೂ ಸುಮ್ಮನೆ ಬಡಿದುಕೊಳ್ಳುತ್ತಿತ್ತು. ಇಷ್ಟು ವರ್ಷದ ಮೇಲೂ ನನಗೇ ಬಗೆಹರಿಯದ್ದನ್ನು ಎಣ್ಣೆ ಡಬ್ಬದ ಚೂರಿನಿಂದ ಬಯಸುವುದು ಯಾವ ನ್ಯಾಯ?

ಇದಕ್ಕಿಂತ ದೊಡ್ಡ ಗೊಂದಲ ಶುರುವಾದದ್ದು ಸಂತೆಯ ದಿನಗಳಲ್ಲಿ. ಮಧ್ಯಾಹ್ನದ ಹೊತ್ತಿಗೆ ಸ್ಕೂಟರಿನ ಎರಡು ಚಿಕ್ಕ ಕಿರುಚಲು ಕೇಳುತ್ತಿತ್ತು. ನಾನು ನೀರು ಹೊಯ್ದು ಕಾಯುತ್ತಿದ್ದೆ. ಅಂಗಳಕ್ಕೆ ಯಾರೂ ಬರುತ್ತಿರಲಿಲ್ಲ. ಹಿಟ್ಟು ಬೇಯುವಷ್ಟು ಹೊತ್ತು ಕಳೆದ ಮೇಲೆ ಮತ್ತೆ ಅದೇ ಸದ್ದು, ಆಗಲೂ ಯಾರೂ ಇಲ್ಲ. ನಮ್ಮವರು ತಂತಿ ನೋಡಿದರು, ಇಲಿ ಕಡಿದಿರಬೇಕೆಂದರು, ಇಬ್ಬನಿ ಎಂದರು. ಮಧ್ಯಾಹ್ನದ ಬಿಸಿಲಿಗೆ ಎಲ್ಲಿಯ ಇಬ್ಬನಿ ಎಂದು ನಾನು ಕೇಳಿದ್ದಕ್ಕೆ ಮುಖ ಊದಿಸಿಕೊಂಡು ಬೆಸುಗೆಯನ್ನೆಲ್ಲ ಬಿಚ್ಚಿ ಹೊಸದಾಗಿ ಹಾಕಿದರು. ಮುಂದಿನ ಸಂತೆಗೆ ಗಂಟೆ ಮೊದಲಿಗಿಂತ ಜೋರಾಗಿ ಬಡಿಯಿತು, ಅಷ್ಟೇ ಲಾಭ. ಇನ್ನೊಂದು ವಿಚಿತ್ರವೆಂದರೆ ಗಂಟೆ ಬಡಿದದ್ದೇ ತಡ ಅತ್ತೆ ಮೊರವೊಂದನ್ನು ಹಿಡಿದು ಜಗಲಿಗೆ ಹೋಗಿ, ಓಣಿಯ ನಡುವಿನ ತಿರುವಿನ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದರು. ತಲೆ ಬಾಚಿ, ಒಗೆದ ಸೀರೆ ಉಟ್ಟು, ಕಲ್ಲೇ ಇಲ್ಲದ ಹುರುಳಿಯಲ್ಲಿ ಕಲ್ಲು ಆರಿಸುತ್ತಿದ್ದರು.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನನ್ನ ಮೈದುನ ಪುಟ್ಟಸ್ವಾಮಿ ಶೀಳನೆರೆಯಲ್ಲಿ ಹೆಂಡತಿಯ ಕಡೆಯವರ ಜಮೀನು ನೋಡಿಕೊಂಡಿದ್ದ. ಅಣ್ಣತಮ್ಮಂದಿರ ಪಾಲಿನ ದಿನ, ಬಾವಿಯ ನೀರಿನ ಸರದಿಯ ಮೇಲೆ ಮಾತಿಗೆ ಮಾತು ಬೆಳೆದು, ಹತ್ತು ಜನರೆದುರಿಗೆ "ನಿನ್ನ ಮನೆ ಹೊಸ್ಲು ತುಳುದ್ರೆ ಕೇಳು" ಎಂದು ಎದ್ದುಹೋದವನು ಮತ್ತೆ ಬಂದಿರಲಿಲ್ಲ. "ಬಾ ಅಂತ ಕರೆಯಕ್ಕೂ ಇಲ್ಯಾರೂ ಕಾಯ್ತಾ ಇಲ್ಲ, ವೋಗ್ಲಾ" ಎಂದಿದ್ದರು ನಮ್ಮವರು. ಇಬ್ಬರೂ ಆಡಿದ ಮಾತಿಗೆ ಕಟ್ಟುಬಿದ್ದವರು. ಇವರನ್ನು ಹೆತ್ತ ತಾಯಿ ಕಡಿಮೆಯೇ? ಇಬ್ಬರೂ ಒಂದು ಸಾಲಿನಲ್ಲಿ ಕೂತು ಉಣ್ಣುವ ತನಕ ತಾನು ಕಿರಿಯವನ ಮನೆಗೆ ಕಾಲಿಡುವುದಿಲ್ಲವೆಂದು ಅವರದೂ ಒಂದು ಆಣೆ. ಮೂರು ಆಣೆಗಳ ನಡುವೆ ವರ್ಷಗಳು ಕಳೆದವು, ಅತ್ತೆ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದರು.

ಕಟಾವಿನ ಕಾಲ ಬಂತು. ಕಬ್ಬು ಕಡಿಯುವವರು ಓಣಿಯ ಎರಡೂ ಬದಿಯನ್ನು ಬಯಲು ಮಾಡುತ್ತ ಬಂದರು. ತಿರುವಿನ ಹೊಂಗೆ ಮರದ ಹತ್ತಿರ ಬಂದಾಗ ಅತ್ತೆ ಮನೆಯಿಂದ ಅಲ್ಲಿಯ ತನಕ ಕೋಲೂರಿಕೊಂಡು ಹೋಗಿ ಅಡ್ಡ ನಿಂತರು.

"ಈ ತಿರುವ್ನಲ್ಲಿರೋದ ಬಿತ್ನೆಗೆ ಬುಡ್ರಪ್ಪ."

ನಮ್ಮವರಿಗೆ ಅರ್ಥವಾಗಲಿಲ್ಲ, ನನಗಂತೂ ಮೊದಲೇ ಇಲ್ಲ. ಮುಂದಿನ ನಾಟಿಗೆಂದು ಕಡಿಯದೆ ಬಿತ್ತನೆಗೆ ಬಿಡುವುದು ನೀರಿನ ಬದಿಯ ಕೊಬ್ಬಿದ ಕಬ್ಬನ್ನು. ತಿರುವಿನದು ನೆರಳಿಗೆ ಸೊರಗಿ ಕಡ್ಡಿಯಾಗಿದ್ದದ್ದು. "ಇಲಿ ತಿಂದಿರೋ ಕಬ್ಬ ಬಿತ್ನೆಗೆ ಬುಟ್ರೆ ನೋಡ್ದೋರು ನಗ್ತಾರೆ ಕಣವ್ವ" ಎಂದರು ನಮ್ಮವರು. "ನಗ್ಲಿ ಬುಡು. ನಾ ಏಳಿದ್ನ ಕೇಳ್ಲಾ" ಎಂದು ಅತ್ತೆ ಹಿಂದಕ್ಕೆ ತಿರುಗಿದರು. ಹೀಗೆ ಬಯಲಿನ ನಡುವೆ ಹೊಂಗೆ ಮರದ ಕೆಳಗೆ ಒಂದು ಹಿಡಿ ಬಡಕಲು ಕಬ್ಬು ಯಾಕೆ ನಿಂತಿದೆಯೆಂದು ಗೊತ್ತಿಲ್ಲದೆ ನಿಂತಿತು.

ಸಂತೆಯ ದಿನ ಗಂಟೆ ಮತ್ತೆ ಬಡಿಯಿತು, ಹೊತ್ತು ಬಿಟ್ಟು ಇನ್ನೊಮ್ಮೆ ಬಡಿಯಿತು. ಅಂದು ಸಂಜೆ ಸೌದೆಗೆಂದು ಹೋದವಳು ಆ ಕಬ್ಬಿನ ಹಿಂದಕ್ಕೆ ಹೋಗಿ ನೋಡಿದೆ. ಸ್ಕೂಟರು ತಿರುಗಿಸಿದ ಗುರುತಿತ್ತು. ಮರದ ಬುಡದಲ್ಲಿ ಜಗಿದ ಕಬ್ಬಿನ ಸಿಪ್ಪೆ, ಚೆಲ್ಲಾಡದೆ, ಒಪ್ಪವಾಗಿ ಒಂದು ಗುಡ್ಡೆ ಮಾಡಿಟ್ಟದ್ದು. ಮದುವೆಯಾದ ಹೊಸತರಲ್ಲಿ ಜಗಲಿಯ ಮೂಲೆಯಲ್ಲಿ ಇಂಥ ಗುಡ್ಡೆ ಕಂಡು ನಾನು ನಕ್ಕಾಗ, ಬರಿಗಾಲಲ್ಲಿ ಓಡಾಡುವವರಿಗೆ ಚುಚ್ಚೀತೆಂದು ತನಗೆ ಅವ್ವ ಕಲಿಸಿದ್ದೆಂದು ಹೇಳಿದ್ದ ಪುಟ್ಟಸ್ವಾಮಿ. ಅಲ್ಲೇ ಬಗ್ಗಿ ಕಬ್ಬಿನ ಸಂದಿನಿಂದ ನೋಡಿದೆ. ನಮ್ಮ ಜಗಲಿ ನೇರಕ್ಕೆ ಕಾಣುತ್ತಿತ್ತು, ಅತ್ತೆ ಕೂರುವ ಜಾಗವೂ. ನನಗೆ ಅಳು ಬಂತು.

ಮನೆಗೆ ಬಂದು, ತಿರುವಿನಲ್ಲಿ ಸಿಪ್ಪೆಯ ಗುಡ್ಡೆಯಿದೆ ಎಂದಷ್ಟೇ ಹೇಳಿದೆ. ಅತ್ತೆ ನನ್ನ ಮುಖ ನೋಡಲಿಲ್ಲ. "ಇರ್ಲಿ ಬುಡವ್ವ, ಗುಡುಸ್ಬ್ಯಾಡ" ಎಂದರು.

ಇದೇ ಹೊತ್ತಿಗೆ ನಮ್ಮವರಿಗೆ ದಿಕ್ಕಿನ ತೊಡಕಿಗೆ ಉಪಾಯ ಹೊಳೆದಿತ್ತು. ತಿರುವಿನಲ್ಲಿ ಇನ್ನೊಂದು ಜೊತೆ ತಗಡು, ಅದಕ್ಕೆ ಬೇರೆ ಸದ್ದಿನ ಗಂಟೆ. ಯಾವುದು ಮೊದಲು ಬಡಿಯುತ್ತದೆ ನೋಡಿದರೆ ಬಂದದ್ದೋ ಹೋದದ್ದೋ ತಿಳಿಯುತ್ತದೆ. ಹಾರೆ, ತಗಡು, ತಂತಿಯ ಸುರುಳಿ ಹೊತ್ತು ಹೋದವರು ಬೇಗನೆ ಎಲ್ಲವನ್ನೂ ಹಾಗೆಯೇ ಹೊತ್ತು ತಂದರು. ಕೈ ತೊಳೆಯುತ್ತ "ತಂತಿ ಸಾಲ್ದು" ಎಂದರು. ತಂತಿಯ ಸುರುಳಿ ತೆಂಗಿನಕಾಯಿ ಬುಟ್ಟಿಯಷ್ಟು ದಪ್ಪವಿತ್ತು. ಅತ್ತೆಗೆ ಗೊತ್ತು, ನನಗೆ ಗೊತ್ತು, ಇವರಿಗೂ ಗೊತ್ತಾಯಿತೋ ಇಲ್ಲವೋ; ಗೊತ್ತಾಗಿದ್ದರೆ ನಮಗೆ ಗೊತ್ತಿರುವುದು ಇವರಿಗೆ ಗೊತ್ತೋ ಇಲ್ಲವೋ. ಅಂದು ರಾತ್ರಿಯ ಸಾರಿಗೆ ನಾನು ಉಪ್ಪು ಎರಡು ಸಲ ಹಾಕಿದ್ದೆ, ಯಾರೂ ಏನೂ ಅನ್ನದೆ ಉಂಡರು.

ಆದರೆ ಬಿತ್ತನೆ ಕಬ್ಬು ಎಷ್ಟು ದಿನ ನಿಂತೀತು? ಗದ್ದೆ ಉತ್ತು ಸಾಲು ಹೊಡೆದಾಗಿತ್ತು, ನಾಟಿ ತಡವಾಗುವಂತಿರಲಿಲ್ಲ. ಆ ಮರೆ ಹೋದರೆ ಅವನು ಓಣಿಗೆ ಬರುವುದೂ ನಿಂತುಹೋಗುತ್ತದೆ, ಕದ್ದು ನೋಡುವ ಮಗನನ್ನು ಕದ್ದು ಕಾಯುವ ಸುಖವೂ ಅತ್ತೆಗೆ ಇಲ್ಲವಾಗುತ್ತದೆ. ಹೀಗಿರುವಾಗ ಒಂದು ಸಂತೆಯ ದಿನ ನಮ್ಮವರು ಕಾರ್ಖಾನೆಗೆ ರಜೆ ಹಾಕಿ, ತಿರುವಿನ ಕಬ್ಬು ಕಡಿಯುತ್ತೇನೆಂದು ಎದ್ದರು. ಒಬ್ಬರೇ ಹೊರಟವರ ಕೈಯಲ್ಲಿ ಎರಡು ಮಚ್ಚಿದ್ದವು. ಅಣ್ಣತಮ್ಮಂದಿರ ಜಗಳದಲ್ಲಿ ಮಚ್ಚು ಏನೇನು ಮಾಡಿದೆಯೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಇಂದು ಬೇಡ ಎಂದೆ. "ಬಿತ್ನೆ ಒಣಗೋಗ್ತದೆ" ಎಂದು ಹೊರಟೇಹೋದರು.

ಗಂಟೆ ಬಡಿಯಿತು, ಎರಡು ಚಿಕ್ಕ ಕಿರುಚಲು. ಅತ್ತೆ ಮೊರ ಹಿಡಿದು ಜಗಲಿಗೆ ಹೋದರು. ನಾನು ಹಿಟ್ಟಿನ ಕೋಲು ಹಿಡಿದುಕೊಂಡೇ ಅವರ ಹಿಂದೆ ನಿಂತೆ. ತಿರುವಿನಿಂದ ಬರುತ್ತಿದ್ದ ಮಚ್ಚಿನ ಸದ್ದು ನಿಂತಿತು. ಎರಡನೆಯ ಗಂಟೆಗಾಗಿ ಕಾದೆ, ಇಷ್ಟು ದಿನ ಅದನ್ನು ಬೈದವಳು ಅಂದು ಬಡಿಯದಿರಲೆಂದು ಬೇಡಿಕೊಂಡೆ. ಅದು ಬಡಿಯಲಿಲ್ಲ, ತಿರುವಿನಲ್ಲೂ ಸದ್ದಿಲ್ಲ. ಆಮೇಲೆ ಮಚ್ಚು ಮತ್ತೆ ಕೇಳಿಸಿತು, ಬಿಟ್ಟು ಬಿಟ್ಟು, ಒಂದರ ಹಿಂದೆ ಇನ್ನೊಂದು.

"ಎರಡು ಮಚ್ಚು ಕಣವ್ವ" ಎಂದರು ಅತ್ತೆ. ಅವರ ಕೈಯ ಹುರುಳಿ ಮೊರದ ತುಂಬ ಹರಡಿತ್ತು. "ಎಸರಿಗೆ ನೀರು ಉಯ್ಯೋಗು."

ಇಬ್ಬರೂ ಕಬ್ಬಿನ ಹೊರೆ ಹೊತ್ತು ಅಂಗಳಕ್ಕೆ ಬಂದರು. ಪುಟ್ಟಸ್ವಾಮಿ ಹೊರೆ ಇಳಿಸಿ ಹೊಸ್ತಿಲ ಮುಂದೆ ಏನು ಮಾಡಬೇಕೆಂದು ತೋಚದೆ ನಿಂತ. ಅತ್ತೆ ಜಗಲಿಯ ಮೇಲೆ ಚಾಪೆ ಬಿಡಿಸಿದರು. "ಹೊಸ್ಲು ತುಳಿಯಲ್ಲ ಅಂದಿದ್ದೆ. ಜಗಲಿ ಮ್ಯಾಲೆ ಕೂರಲ್ಲ ಅಂದಿದ್ಯೇನ್ಲಾ?" ಅವನು ಕೂತ. ನಮ್ಮವರು ಒಳಗೆ ಬಂದು ತಮ್ಮ ತಟ್ಟೆಯನ್ನು ತಾವೇ ಎತ್ತಿಕೊಂಡು ಹೋಗಿ ಅವನ ಪಕ್ಕ ಕೂತರು. ಬಾ ಎಂದಿರೇ ಎಂದು ಆಮೇಲೆ ಕೇಳಿದ್ದಕ್ಕೆ, "ನಾನ್ಯಾಕನ್ಲಿ? ಇನ್ನೊಂದು ಮಚ್ಚ ಅವುನ್ ಮುಂದೆ ಮಡಗ್ದೆ ಅಷ್ಟೆಯ" ಎಂದರು. ಯಾರ ಆಣೆಯೂ ಮುರಿಯಲಿಲ್ಲ. ಹೊಸ್ತಿಲಿನ ಒಳಗೊಂದು ಕಾಲು ಹೊರಗೊಂದು ಕಾಲು ಇಟ್ಟು ಬಡಿಸುತ್ತಿದ್ದ ನನಗೆ ಮಾತ್ರ, ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಹಿಡಿಯಿತೆಂದು ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ.

ಸಂಜೆ ಅವನು "ಬರ್ತೀನಿ ಕಣವ್ವ" ಎಂದು ಹೊರಟ. ಬಯಲಾದ ಓಣಿಯಲ್ಲಿ ಸ್ಕೂಟರು ಬಹಳ ದೂರದ ತನಕ ಕಾಣುತ್ತಿತ್ತು, ಅತ್ತೆ ನೋಡುತ್ತ ನಿಂತಿದ್ದರು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ. ಉಪ್ಪಿನ ಜಾಡಿಯ ಮೇಲೆ ಗಂಟೆ ಬಡಿಯಿತು, ಎರಡು ಚಿಕ್ಕ ಕಿರುಚಲು, ಎಂದಿನ ಹಾಗೆಯೇ. ರೂಢಿ ಬಿದ್ದ ಬಾಯಿ ನನ್ನದು, "ಯಾರೋ ಬಂದ್ರು ಕಣತ್ತೆ" ಎಂದುಬಿಟ್ಟೆ.

ಜಗಲಿಯಿಂದ ಅತ್ತೆಯ ದನಿ ಬಂತು: "ಊಂ, ಬಂದಂಗೇ ಕಣವ್ವ."