ಮರ್ಯಾದೆಗೆ ಉಳಿಸಿದ ಐದುನೂರು

ನಮ್ಮಪ್ಪ ಸಂತೆಕಲ್ಲೂರಿನಿಂದ ಮಸ್ಕಿಗೆ ಬಂದು ಬಟ್ಟೆ ಅಂಗಡಿಯ ಉದ್ರಿ ತೀರಿಸುವಾಗ ಬೇಕೆಂದೇ ಹತ್ತು ರೂಪಾಯಿ ಬಾಕಿ ಇಡುತ್ತಿದ್ದ. ಪೂರಾ ಚುಕ್ತಾ ಮಾಡಿದರೆ ಅಂಗಡಿಯವನ ಮುಖ ಸಣ್ಣದಾಗುತ್ತಿತ್ತು; ನಮ್ಮ ಮೇಲೆ ಸಿಟ್ಟೇ, ಬೇರೆ ಅಂಗಡಿ ಹಿಡಿದಿರಾ ಎಂದು ಕೇಳುತ್ತಿದ್ದ. ಆ ಹತ್ತು ರೂಪಾಯಿ ಇರುವಷ್ಟು ದಿನ ಹೋಗಿಬರುವ ಬಳಕೆಯೂ ಇರುತ್ತದೆಂಬುದು ನಮ್ಮ ಕಡೆಯ ನಂಬಿಕೆ.

ನಾನು ಮಸ್ಕಿಯಲ್ಲೇ ಮನೆ ಮಾಡಿಕೊಂಡು ಲಿಂಗಸುಗೂರಿನ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದೇನೆ. ಊರ ಮಂದಿಯ ಅರ್ಜಿಗಳಲ್ಲಿ ತಪ್ಪು ಹುಡುಕುವುದೇ ಕಸುಬು. ಅಂಥ ನನಗೆ ಬ್ಯಾಂಕಿನ ಕಡೆಯ ಟೈ ಕಟ್ಟಿದವನೊಬ್ಬ ಬಂದು ಕ್ರೆಡಿಟ್ ಕಾರ್ಡ್ ಮಾಡಿಸಿಕೊಟ್ಟ. ಸಿಂಧನೂರಿಗೆ ಹೋಗಿ ಫ್ರಿಜ್ಜು, ವಾಷಿಂಗ್ ಮಷೀನು ತಂದೆ. ನಲವತ್ತೆಂಟು ಸಾವಿರ. ಬಿಲ್ ಬಂದಾಗ ಕೂಡಿಟ್ಟ ಹಣದಲ್ಲಿ ನಲವತ್ತೇಳೂವರೆ ಸಾವಿರ ಕಟ್ಟಿ, ಐದುನೂರನ್ನು ಮರ್ಯಾದೆಗೆಂದು ಉಳಿಸಿದೆ. ಬ್ಯಾಂಕಿನವರಿಗೆ ಬೇಜಾರಾಗಬಾರದಲ್ಲ.

ಮುಂದಿನ ಬಿಲ್ಲಿನಲ್ಲಿ ಬಡ್ಡಿ ಬಿದ್ದದ್ದು ಐದುನೂರಕ್ಕಲ್ಲ. ಖರೀದಿ ಮಾಡಿದ ದಿನದಿಂದ ಇಡೀ ನಲವತ್ತೆಂಟು ಸಾವಿರಕ್ಕೆ. ಮೈಯೆಲ್ಲ ಉರಿಯಿತು. ಮರ್ಯಾದೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂದು ಬೈದು, ಇವರಿಗೆ ಇನ್ನು ಪೂರಾ ಕಟ್ಟುವುದೇ ಇಲ್ಲವೆಂದು ಹಟ ಹಿಡಿದೆ. ಬಿಲ್ಲಿನ ಮೂಲೆಯಲ್ಲಿ ‘ಕನಿಷ್ಠ ಮೊತ್ತ’ ಎಂದು ಸಣ್ಣದೊಂದು ಅಂಕಿ ಇತ್ತು. ತಿಂಗಳು ತಿಂಗಳು ಅಷ್ಟನ್ನೇ ಕಟ್ಟತೊಡಗಿದೆ. ಕಟ್ಟಿದ ಕೂಡಲೇ ಧನ್ಯವಾದದ ಮೆಸೇಜು ಬರುತ್ತಿತ್ತು. ಸೇಡು ತೀರಿಸಿಕೊಂಡೆನೆಂದು ನಾನೂ ಖುಷಿಯಲ್ಲಿದ್ದೆ.

ಹೊಸ ಮೊಬೈಲು, ತಂಗಿಯ ಮಗಳ ಮದುವೆ ಸೀರೆ, ಬೈಕಿನ ಟೈರು, ಕೊನೆಗೆ ತಿಂಗಳ ಕಿರಾಣಿ ಸಾಮಾನು ಎಲ್ಲ ಅದೇ ಕಾರ್ಡಿನ ಮೇಲೆ ಬಂದವು. ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಒಂದು ದಿನದ ವಾಯಿದೆಯೂ ಇಲ್ಲ, ಬಡ್ಡಿ ಮೊದಲ ದಿನದಿಂದಲೇ ಶುರು ಎಂಬುದು ಈ ಗುಮಾಸ್ತನ ಕಣ್ಣಿಗೆ ಬೀಳಲಿಲ್ಲ. ಒಂದೂವರೆ ವರ್ಷಕ್ಕೆ ಬಾಕಿ ಲಕ್ಷ ದಾಟಿತು.

ಸಿಕ್ಕಿಬಿದ್ದದ್ದು ಹೆಂಡತಿಯ ಕೈಗೆ. ಅವಳು ಓಣಿಯ ಹೆಣ್ಣುಮಕ್ಕಳ ಉಳಿತಾಯ ಸಂಘದ ಲೆಕ್ಕ ಬರೆಯುವವಳು. ಚಾರ್ಜಿಗಿಟ್ಟಿದ್ದ ನನ್ನ ಮೊಬೈಲಿನಲ್ಲಿ ಮೆಸೇಜು ನೋಡಿ, ನನ್ನಿಂದಲೇ ಬಿಲ್ ತೆಗೆಸಿ, ರೊಟ್ಟಿ ಬಡಿಯುವುದನ್ನು ಬಿಟ್ಟು ಕೂತು ಓದಿದಳು.

“ನಮ್ಮ ಸಂಘದಾಗ ತಿಂಗಳಿಗೆ ನೂರಕ್ಕ ಒಂದು ರೂಪಾಯಿ ಬಡ್ಡಿ. ಎರಡು ತಗೊಂಡ್ರ ಮಂದಿ ಉಗುಳ್ತಾರ. ನೀವು ಇವ್ರಿಗೆ ಮೂರೂವರಿ ಕೊಡಾಕತ್ತೀರಿ, ಅದೂ ಖುಷಿಲೆ.”

ಒಂದು ತಿಂಗಳೂ ತಪ್ಪಿಸಿಲ್ಲ ಎಂದೆ. ಕಟ್ಟಿದ್ದೆಲ್ಲ ಹೆಚ್ಚುಕಡಿಮೆ ಬಡ್ಡಿಗೇ ಹೋಗಿದೆ, ಅಸಲು ಕೂತಲ್ಲೇ ಕೂತಿದೆ ಎಂದು ಬೆರಳಿಟ್ಟು ತೋರಿಸಿದಳು. ಬಾಕಿಯನ್ನು ಕಂತು ಮಾಡಿಕೊಡುತ್ತೀರಾ ಎಂದು ಬ್ಯಾಂಕಿಗೆ ಫೋನ್ ಹಚ್ಚಿಸಿದಳು. ಒಂದೂವರೆ ರೂಪಾಯಿ ಬಡ್ಡಿ, ಮೇಲೆ ಖರ್ಚು ಬೇರೆ ಎಂದರು. ಅವಳ ಸಂಘದಲ್ಲಿ ಅಷ್ಟು ದೊಡ್ಡ ಸಾಲ ಕೊಡುವಷ್ಟು ಹಣವಿರಲಿಲ್ಲ. ಕಾಲೇಜಿನ ನೌಕರರ ಸೊಸೈಟಿಯಲ್ಲಿ ಬಡ್ಡಿ ಕಡಿಮೆ, ಆದರೆ ನನ್ನ ಸರದಿ ಬರಲು ಆರು ತಿಂಗಳು. ಬಂಗಾರ ಅಡವಿಟ್ಟರೆ ಒಂದು ರೂಪಾಯಿಗೂ ಕಡಿಮೆ, ಸಾಲ ಅದೇ ದಿನ. ನಮ್ಮ ಮನೆಯಲ್ಲಿ ಬಂಗಾರವೆಂದರೆ ಅವಳ ಕೈಯ ಎರಡು ಪಾಟ್ಲಿ ಬಳೆ, ತವರಿನವರು ಮದುವೆಯಲ್ಲಿ ಹಾಕಿದ್ದು.

ಬೇಡ ಎಂದೆ. ಬೇಡ ಎನ್ನುವಾಗಲೂ ಅವಳು ನನ್ನ ಮಾತು ಕೇಳದಿರಲಿ ಎಂದು ಒಳಗೇ ಆಸೆಪಡುತ್ತಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ. ಅವಳು ಕೇಳಲಿಲ್ಲ. ಮದುವೆಯಾದಾಗಿನಿಂದ ಕಳಚದ ಪಾಟ್ಲಿ. ಸಾಬೂನು ಹಚ್ಚಿ ನಾನೇ ಎಳೆಯಬೇಕಾಯಿತು.

“ಎಳೀರಿ, ನೋಯಂಗಿಲ್ಲ,” ಎಂದಳು. ಕೈ ಕೆಂಪಾಗಿತ್ತು.

ಕಾರ್ಡಿನ ಬಾಕಿ ಅವತ್ತೇ ಸೊನ್ನೆಯಾಯಿತು. ಬ್ಯಾಂಕಿನವರು ಬೇಜಾರೇನೂ ಮಾಡಿಕೊಳ್ಳಲಿಲ್ಲ. ನಿಮ್ಮ ಮಿತಿ ಹೆಚ್ಚಿಸಿದ್ದೇವೆ ಎಂದು ಮೆಸೇಜು ಕಳಿಸಿದರು. ನಾನು ಬೈಕ್ ಬಿಟ್ಟು ಬಸ್ಸಿಗೆ ಓಡಾಡಿ, ಸಂಜೆಯ ಮಿರ್ಚಿ ಭಜಿ ಬಿಟ್ಟು, ಸಿಕ್ಕಿದ್ದೆಲ್ಲ ಬಂಗಾರದ ಸಾಲಕ್ಕೆ ಕಟ್ಟಿ ಹನ್ನೊಂದು ತಿಂಗಳಿಗೆ ತೀರಿಸಿದೆ. ಅಷ್ಟರಲ್ಲಿ ನೆಂಟರ ಮನೆಯ ಮೂರು ಮದುವೆಗಳಿಗೆ ಅವಳು ಗಾಜಿನ ಬಳೆಯಲ್ಲೇ ಹೋಗಿಬಂದಿದ್ದಳು.

ಬಿಡಿಸಿ ತಂದ ದಿನ ಪಾಟ್ಲಿ ಒರೆಸಿ ಹಿಡಿದು ಅವಳ ಮುಂದೆ ನಿಂತೆ. ಕೈ ಚಾಚಿದಳು. ತೊಡಿಸಲು ಹೋದರೆ ಅಂಗೈಯನ್ನು ಮೇಲಕ್ಕೆ ತಿರುಗಿಸಿದಳು.

“ಮೊದ್ಲು ಕಾರ್ಡ್ ಕೊಡ್ರಿ.”

ಕೊಟ್ಟೆ.